ಶಂಶುದ್ದೀನ್ ಸಾಹೇಬರ ನಾಲ್ಕು ತಾಲೂಕು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಶಂಶುದ್ದೀನ್ ಸಾಹೇಬರು ಕೇಳಿರಲಿಲ್ಲವೆಂದಲ್ಲ. ಕೇಳಿದ್ದರು. ಆದರೆ ಆ ಗಾದೆ ಕಟ್ಟಿದವನಿಗೆ ಯಾರೂ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ, ಕೈಗೆ ಮೈಕು ಕೊಟ್ಟಿರಲಿಕ್ಕಿಲ್ಲ.

ಅವತ್ತು ರಾಯಚೂರು ಬಸ್ ಡಿಪೋದಲ್ಲಿ ನಿವೃತ್ತರ ಬೀಳ್ಕೊಡುಗೆ. ಸಾಹೇಬರು ಕಂಡಕ್ಟರ್ ಆಗಿ ಸೇವೆಯ ಬಹುಪಾಲನ್ನು ಒಂದೇ ದಾರಿಯಲ್ಲಿ ಕಳೆದವರು. ರಾಯಚೂರು, ದೇವದುರ್ಗ, ಅರಕೇರಾ, ಸಿರವಾರ, ಮಾನ್ವಿ. ಹೋಗುವುದು, ಬರುವುದು. ಅವರ ಜೊತೆಗೇ ನಿವೃತ್ತರಾದ ಡ್ರೈವರು ಮೈಕು ಹಿಡಿದು ತಾನು ಕಾಶಿಗೆ ಹೋಗುವುದಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ. ಇನ್ನೊಬ್ಬರು ಮನೆಯ ಮೇಲೆ ಮನೆ ಕಟ್ಟಿಸುವುದಾಗಿ ಹೇಳಿದರು. ಅದಕ್ಕೂ ಚಪ್ಪಾಳೆ. ಸಾಹೇಬರ ಸರದಿ ಬಂದಾಗ ಅವರ ಮುಂದೆ ಯಾವ ಯೋಜನೆಯೂ ಇರಲಿಲ್ಲ. ನಾಳೆಯಿಂದ ಹೊತ್ತು ಏರುವವರೆಗೆ ಮಲಗಬೇಕು ಎಂಬುದೊಂದೇ ಆಸೆ. ಅದನ್ನು ಮೈಕಿನಲ್ಲಿ ಹೇಳಲಾದೀತೆ? ಆಗ ಅವರಿಗೆ ಮೊಬೈಲಿನಲ್ಲಿ ನೋಡಿದ್ದ ಒಂದು ವಿಡಿಯೋ ನೆನಪಾಯಿತು. ಟೋಪಿ ಹಾಕಿದ ಯಾರೋ ಪರದೇಶದ ರೈತ ಹುಲ್ಲಿನ ಮೇಲೆ ಕುಳಿತಿದ್ದ. ಉಣ್ಣೆಯಿಲ್ಲದ, ಬರೀ ನುಣುಪು ಕೂದಲಿನ ಕುರಿಯೊಂದು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಇಬ್ಬರ ಮುಖದಲ್ಲೂ ಜನ್ನತ್ತಿನ ಶಾಂತಿ.

"ನಾ ಫಾರ್ಮ್‌ಹೌಸ್ ಮಾಡ್ತೀನ್ರಿ," ಎಂದರು ಸಾಹೇಬರು. "ಕುರಿ ಸಾಕ್ತೀನಿ. ಮಾರಾಕಲ್ಲ, ಕೊಯ್ಯಾಕಲ್ಲ. ಪೆಟ್!"

ಎಲ್ಲರಿಗಿಂತ ಜೋರಾದ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತು ಲಾಡು ತಿನ್ನುತ್ತಿದ್ದ ಹೆಂಡತಿ ಜೈಬುನ್ನೀಸಾ ಅಗಿಯುವುದನ್ನು ನಿಲ್ಲಿಸಿದರು.

"ನಕ್ಕೋ ಜೀ, ಬ್ಯಾಡ!" ಎಂದು ಆಕೆ ಮನೆಗೆ ಬಂದಮೇಲೆ ಹಣೆ ಬಡಿದುಕೊಂಡರು. "ಮಂದಿ ನಾಯಿ ಸಾಕ್ತಾರ, ಬೆಕ್ಕು ಸಾಕ್ತಾರ, ಗಿಳಿ ಸಾಕ್ತಾರ. ಕುರಿ ಸಾಕಿ ತಿನ್ನಲಾರದವ್ರನ್ನ ನಮ್ಮ ಖಾಂದಾನದಾಗ ಯಾರೂ ಕಂಡಿಲ್ಲ!"

"ಮೈಕಿನ್ಯಾಗ ಹೇಳಿಬಿಟ್ಟೀನಲ್ಲ ಬೇಗಂ."

"ಹಂಗಾರ ಮೈಕು ಕರಕೊಂಡು ಹೋಗ್ರಿ. ನಾ ಬರಾಂಗಿಲ್ಲ."

ಹೀಗೆ ಸಾಹೇಬರು ಒಬ್ಬರೇ ಹೊರಟರು. ಅರಕೇರಾ ದಾಟಿ ಸಿರವಾರದ ಕಡೆ ಹೋಗುವಾಗ ಸಿಗುವ, ಅರಕೇರಾ ತಾಲೂಕಿಗೇ ಸೇರಿದ ಕೆಂಚಗುಂಡ ಎಂಬ ಸಣ್ಣ ಹಳ್ಳಿಯಲ್ಲಿ, ರಸ್ತೆಗೆ ಹತ್ತಿಕೊಂಡೇ ಅವರದೊಂದು ತುಂಡು ಹೊಲವಿತ್ತು. ಯಾವ ಕಾಲದಲ್ಲೋ ಕೊಂಡು ಮರೆತದ್ದು. ಜಾಲಿ ಕಡಿಸಿ, ತಗಡಿನ ಶೆಡ್ಡು ಹಾಕಿಸಿ, ಬೇವಿನ ಗಿಡದ ಕೆಳಗೆ ಮಲಗಲು ಒಂದು ಹೊರಸು ಇಟ್ಟರು. ಫಾರ್ಮ್‌ಹೌಸ್ ಆಯಿತು. ಇನ್ನು ಕುರಿ.

ಕುರಿಗೆ ಅವರು ಹೋದದ್ದು ಭೀಮವ್ವನ ಹಟ್ಟಿಗೆ. ಭೀಮವ್ವ ಹುಟ್ಟಿದಂದಿನಿಂದ ಕುರಿಯ ಹಿಂದೆಯೇ ನಡೆದ ಮುದುಕಿ. ಅವಳ ಹಿಂಡು ನಮ್ಮ ಕಡೆಯ ಕೆಂಗುರಿಗಳದು. ಮೈಗೆ ಉಣ್ಣೆಯಿಲ್ಲ, ಕೆಂಪಗಿನ ಕೂದಲು ಅಷ್ಟೆ. ವಿಡಿಯೋದಲ್ಲಿದ್ದ ಪರದೇಶದ ಕುರಿಯ ತಮ್ಮಂದಿರು ಇಲ್ಲೇ ಇದ್ದಾರಲ್ಲ ಎಂದು ಸಾಹೇಬರಿಗೆ ಹಿಗ್ಗಾಯಿತು. ನಾಲ್ಕು ಎಳೆಯ ಟಗರು ಆರಿಸಿದರು.

"ಯಾವಾಗ ಕೊಯ್ತೀಯಪ್ಪಾ?" ಎಂದಳು ಭೀಮವ್ವ.

"ಕೊಯ್ಯೋದಿಲ್ಲ ಯವ್ವಾ."

"ಮೇಯಿಸಿ ಸಂತ್ಯಾಗ ಮಾರ್ತೀ?"

"ಮಾರೋದೂ ಇಲ್ಲ."

"ಕಂಬಳಿ ಮಾಡ್ತೀನಂದ್ರ ಇವಕ್ಕ ಉಣ್ಣಿ ಇಲ್ಲ. ಹಾಲು ಹಿಂಡ್ತೀನಂದ್ರ ಇವು ಗಂಡು." ಮುದುಕಿ ಕೋಲಿನ ಮೇಲೆ ಗದ್ದವಿಟ್ಟು ಯೋಚಿಸಿದಳು. "ಮತ್ತ್ಯಾಕ ಬೇಕೋ ಯಪ್ಪಾ ನಿನಗ?"

"ಪ್ರೀತಿಗೆ."

ಭೀಮವ್ವ ಅವರ ಮುಖವನ್ನು ಬಹಳ ಹೊತ್ತು ನೋಡಿ, "ಮನ್ಯಾಗ ಹೆಣಮಗಳು ಅದಾಳೇನು?" ಎಂದು ಕೇಳಿದಳು. ರಾಯಚೂರಿನಲ್ಲಿ ಇದ್ದಾಳೆಂದು ತಿಳಿದಮೇಲೆ, "ಲಗೂನ ಕರಸ್ಕೋ," ಎಂದು ಹಗ್ಗ ಬಿಚ್ಚಿಕೊಟ್ಟಳು.

ಸಾಕಿದ ಪ್ರಾಣಿಗೆ ಹೆಸರು ಬೇಕು. ಮನುಷ್ಯರ ಹೆಸರಿಟ್ಟರೆ ನೆಂಟರೊಳಗೆ ಯಾರಿಗಾದರೂ ಸಿಟ್ಟು ಬಂದೀತು. ಸಾಹೇಬರಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿದ್ದದ್ದು ತಮ್ಮ ದಾರಿಯ ಊರುಗಳೇ. ದೇವದುರ್ಗ, ಅರಕೇರಾ, ಸಿರವಾರ, ಮಾನ್ವಿ ಎಂದು ನಾಲ್ಕಕ್ಕೂ ಕರೆದುಬಿಟ್ಟರು. ಕರೆಯುವುದೂ ಹಳೇ ರಾಗದಲ್ಲೇ. ಸಂಜೆ ಹೊಲದ ಬದುವಿನ ಮೇಲೆ ನಿಂತು, "ಮಾನ್ವಿ, ಮಾನ್ವಿ, ಮಾನ್ವೀ!" ಎಂದು ಕೂಗಿದರೆ ಟಗರು ಓಡಿಬಂದು ಅವರ ಅಂಗಿಯ ಜೇಬಿಗೆ ಮೂತಿ ಹಾಕುತ್ತಿತ್ತು. ದೂರದಿಂದ ಕೇಳಿದ ಊರವರು ಹಳೇ ಕಂಡಕ್ಟರಿಗೆ ಬಾಯಿಚಟ ಇನ್ನೂ ಹೋಗಿಲ್ಲ ಎಂದುಕೊಳ್ಳುತ್ತಿದ್ದರು. ಶೆಡ್ಡಿನೊಳಗೆ ಹೋಗುವಾಗ ನೂಕಾಡಿದರೆ, "ಒಳಗ ಹೋಗ್ರಿ, ಒಳಗ ಹೋಗ್ರಿ, ಹಿಂದ ಜಾಗ ಅದ," ಎನ್ನುತ್ತಿದ್ದರು. ಶೇಂಗಾ ಹೊಟ್ಟು, ತೊಗರಿ ಹೊಟ್ಟು, ವಾರಕ್ಕೊಮ್ಮೆ ಸೋಪಿನ ಸ್ನಾನ. ತಿಂಗಳೆರಡರಲ್ಲಿ ನಾಲ್ಕೂ ಮಿರಮಿರ ಮಿಂಚತೊಡಗಿದವು.

ಇದೇ ಹೊತ್ತಿಗೆ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ಸಾಹೇಬರಿಗೆ ಅದರ ಪರಿವೆಯೇ ಇರಲಿಲ್ಲ. ಆದರೆ ಚುನಾವಣೆಯ ಮುಂದೆ ಒಬ್ಬ ಮನುಷ್ಯ ನಾಲ್ಕು ಟಗರು ಕೊಬ್ಬಿಸುವುದನ್ನು ನೋಡಿ ಸುಮ್ಮನಿರಲು ಕೆಂಚಗುಂಡದ ಜನಕ್ಕೆ ಕಣ್ಣಿಲ್ಲವೆ, ನಾಲಿಗೆಯಿಲ್ಲವೆ?

ಕಿಡಿ ಬಿದ್ದದ್ದು ಚಹಾದ ಹೋಟೆಲಿನಲ್ಲಿ. ಸಾಹೇಬರ ಹೆಂಡತಿಯ ತಮ್ಮ ಅಲ್ತಾಫ್ ರಾಯಚೂರಿನಲ್ಲಿ ಫ್ಲೆಕ್ಸ್ ಬ್ಯಾನರು ಮಾಡುವ ಅಂಗಡಿ ಇಟ್ಟಿದ್ದ. ಫಾರ್ಮ್‌ಹೌಸಿಗೆ ಒಂದು ಬೋರ್ಡು ಬೇಕೆಂದು ಸಾಹೇಬರು ಅವನಿಗೆ ಫೋನು ಮಾಡಿದರು. ಬಸ್ಸಿನ ಗದ್ದಲದಲ್ಲಿ ವಯಸ್ಸು ಕಳೆದವರು, ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಮಿರ್ಚಿ ತಿನ್ನುತ್ತಿದ್ದ ಮಂದಿಗೆಲ್ಲ ಕೇಳಿಸಿತು.

"ಹಲೋ, ಅಲ್ತಾಫ್! ಹೂಂ, ನಾಕೂ ಆರಾಮ. ಸಿರವಾರ ಅಂತೂ ಪೂರಾ ನನ್ನ ಕೈಯಾಗದ. ನಾ ಕುಂದ್ರು ಅಂದ್ರ ಕುಂದ್ರತದ. ಅರಕೇರಾದ್ದು ಚಿಂತಿ ಇಲ್ಲ, ಸಿರವಾರ ಎತ್ತಾಗೋ ಅದೂ ಅತ್ತಾಗ. ದೇವದುರ್ಗ ಒಂದೀಟು ಒದೀತದ. ಹೊಟ್ಟಿಗೆ ಹಾಕಿದ್ರ ಸುಮ್ಮಾಗ್ತದ ಬಿಡು. ಏನು? ಮಾನ್ವಿನಾ? ಮಾನ್ವಿದು ಸೊಕ್ಕು ನೋಡು! ನಿನ್ನೆ ನನ್ನ ಮ್ಯಾಲೇ ಹಾಯಾಕ ಬಂದಿತ್ತು. ಕಿವಿ ಹಿಡಿದು ದಾರಿಗೆ ತಂದೀನಿ. ಬೋರ್ಡಿನ ಮ್ಯಾಲೆ ನಾಕೂ ಹೆಸರು ದೊಡ್ಡದಾಗಿ ಬರಬೇಕು ಮತ್ತ! ಮ್ಯಾಲೆ ನನ್ನ ಫೋಟೋ ಹಾಕು."

ಫೋನು ಇಟ್ಟು, ಚಹಾ ಮುಗಿಸಿ, ಎಲ್ಲರಿಗೂ ಸಲಾಂ ಹೇಳಿ ಹೋದರು. ಎಣ್ಣೆಯಲ್ಲಿದ್ದ ಮಿರ್ಚಿ ಕಪ್ಪಗಾಗುವುದನ್ನೂ ಹೋಟೆಲಿನವನು ನೋಡಲಿಲ್ಲ.

"ಕೇಳಿದ್ರಿಲ್ಲೋ?" ಎಂದನು ಒಬ್ಬ. "ಪಂಚಾಯ್ತಿ ಅಲ್ಲಲೇ ಇದು. ನಾಕು ತಾಲೂಕು!"

ಮೂಲೆಯ ಬೆಂಚಿನ ಮೇಲೆ ಕುಳಿತಿದ್ದ ಕನಕರಾಜ ಕೈಯಲ್ಲಿದ್ದ ಚಹಾದ ಬಸಿಯನ್ನು ಬಾಯಿಗೊಯ್ಯದೆ ಕೆಳಗಿಟ್ಟ. ಕನಕರಾಜ ಆ ವಾರ್ಡಿನ ಹಾಲಿ ಪಂಚಾಯ್ತಿ ಸದಸ್ಯ. ಈ ಸಲವೂ ನಿಲ್ಲುವವನು. ಗೆದ್ದಮೇಲೆ ಐದು ವರ್ಷ ಊರೊಳಗೆ ಹೆಚ್ಚಾಗಿ ಕಾಣಿಸಿಕೊಳ್ಳದೆ ಜನರಲ್ಲಿ ತನ್ನ ಮೇಲಿನ ಹಂಬಲ ಕುಗ್ಗದಂತೆ ನೋಡಿಕೊಂಡವನು.

ಮರುದಿನದಿಂದ ಸಾಹೇಬರ ಹೊಲಕ್ಕೆ ಜನ ಬರತೊಡಗಿದರು. ಒಬ್ಬ ಹೆಂಗಸು ಬುಟ್ಟಿ ತುಂಬ ಈರುಳ್ಳಿ ತಂದಿಟ್ಟು, "ನಮ್ಮ ಹೊಲದಾವು ಉಳ್ಳಾಗಡ್ಡಿ, ಸಾಹೇಬ್ರ. ಆವತ್ತಿಗೆ ಬೇಕಾಗ್ತಾವ," ಎಂದಳು. ಯಾವತ್ತಿಗೆ ಎಂದು ಕೇಳುವುದರೊಳಗೆ ಸೆರಗು ಬಾಯಿಗೆ ಹಿಡಿದು ನಗುತ್ತ ಹೋದಳು. ಇನ್ನೊಬ್ಬ ತನ್ನ ಮನೆಯ ದೊಡ್ಡ ಹಂಡೆ ಬೇಕಾದರೆ ಒಯ್ಯಿರಿ ಎಂದ. ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜನೊಬ್ಬ ಸಾಹೇಬರನ್ನು ಬೇವಿನ ಗಿಡದ ಹಿಂದಕ್ಕೆ ಕರೆದು, "ನನಗ ಮಾತ್ರ ಖೀಮಾ ಮಾಡಸ್ರಿ," ಎಂದು ಕಿವಿಯಲ್ಲಿ ಹೇಳಿದ.

"ಯಜಮಾನ್ರ, ನಾ ಇವನ್ನ ಕೊಯ್ಯೋದಿಲ್ರೀ!"

"ಹೌದ್ರೀ, ಹೌದ್ರೀ," ಎಂದು ಅಜ್ಜ ಕಣ್ಣು ಹೊಡೆದ. "ನಾನೂ ಯಾರ ಮುಂದೂ ಬಾಯಿ ಬಿಡೋದಿಲ್ಲ."

ಊರಿನ ಜನ ಎಷ್ಟು ಒಳ್ಳೆಯವರು, ಎಷ್ಟು ಅಂತಃಕರಣದವರು ಎಂದು ಸಾಹೇಬರು ಈರುಳ್ಳಿ ಹೆಚ್ಚುತ್ತ ಕಣ್ಣೀರು ಒರೆಸಿಕೊಂಡರು.

ಮೂರನೆಯ ದಿನ ಕನಕರಾಜನೇ ಬಂದ. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಹೊರಸಿನ ತುದಿಗೆ ಕುಳಿತ. ಟಗರು ಕೊಳ್ಳಲು ಬಂದಿರಬೇಕು ಎಂದುಕೊಂಡ ಸಾಹೇಬರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡರು.

"ಸುತ್ತು ಬಳಸಿ ಮಾತು ಬ್ಯಾಡ, ಸಾಹೇಬ್ರ," ಎಂದ ಕನಕರಾಜ. "ನಿಮಗ ನಾಕೂ ಯಾಕ್ರಿ? ದೇವದುರ್ಗ ಇಟ್ಕೋರಿ, ಮಾನ್ವಿ ಇಟ್ಕೋರಿ. ಅರಕೇರಾ ಒಂದು ನನಗ ಬಿಡ್ರಿ."

"ಅರಕೇರಾ ಒಂದನ್ನ ಹೆಂಗ ಬಿಡ್ಲಿ ಕನಕರಾಜಪ್ಪಾ? ಸಿರವಾರ ಬಿಟ್ಟು ಅದು ಒಂದಿನ ಇರಾಂಗಿಲ್ಲ. ಉಪಾಸ ಬೀಳ್ತದ."

"ಅಷ್ಟು ಒಂದಾಗ್ಯಾವೇನ್ರಿ ಎರಡೂ?"

"ಒಂದ ಗಂಗಾಳದಾಗ ತಿಂತಾವ."

ಕನಕರಾಜ ಬೆವರು ಒರೆಸಿಕೊಂಡ. ಸಿರವಾರದ ಧುರೀಣರೂ ಅರಕೇರಾದ ಧುರೀಣರೂ ಒಂದೇ ಗಂಗಾಳದಲ್ಲಿ ಉಣ್ಣುವುದನ್ನು ಅವನು ಕನಸಿನಲ್ಲಿಯೂ ಕಂಡಿರಲಿಲ್ಲ. "ಅದು ಹೆಂಗ ಸಾಧಿಸಿದ್ರಿ?"

ಸಾಹೇಬರಿಗೆ ಪ್ರಿಯವಾದ ವಿಷಯ. ಕಾಲು ಮಡಚಿ ಕುಳಿತರು. "ಅದೇನು ಮಂತ್ರ ಅಲ್ಲ. ಎಳೇವು ಇದ್ದಾಗಿಂದ ಸಾಕಬೇಕು. ದಿನಾ ಹತ್ರ ಹೋಗಿ ಕುಂದ್ರಬೇಕು. ಮೈ ತಡವಬೇಕು, ಕಿವ್ಯಾಗ ನಾಕು ಮಾತು ಆಡಬೇಕು, ಉಂಡ್ಯಾವೋ ಇಲ್ಲೋ ನೋಡಬೇಕು. ಆಗ ಕರೀಲಾರ್ದನೂ ಹಿಂದ ಬರ್ತಾವ. ಅದು ಬಿಟ್ಟು ವರ್ಷಾನುಗಟ್ಟಲೆ ಮುಖ ತೋರಸದವ್ರು ಒಮ್ಮಿಂದೊಮ್ಮೆಲೆ ಬಂದು 'ಬಾ' ಅಂದ್ರ ಅವು ಬರ್ತಾವೇನು? ಹಾಯ್ತಾವ!"

ಕನಕರಾಜನ ಮುಖ ಸುಣ್ಣದಂತಾಯಿತು. ತನಗೆ ಇಷ್ಟು ನೇರವಾಗಿ, ಇಷ್ಟು ನಗುನಗುತ್ತ ಯಾರೂ ಕಪಾಳಕ್ಕೆ ಹೊಡೆದಿರಲಿಲ್ಲ. ಬಾಳೆಗೊನೆಯನ್ನು ಅಲ್ಲೇ ಬಿಟ್ಟು ಎದ್ದ. ಅವನು ರಸ್ತೆ ಮುಟ್ಟುವುದರೊಳಗೆ ನಾಲ್ಕು ತಾಲೂಕೂ ಸೇರಿ ಗೊನೆಯನ್ನು ಮುಗಿಸಿದ್ದವು.

ಈ ಸುದ್ದಿ ಹಬ್ಬಿದಮೇಲೆ ಆ ವಾರ್ಡಿಗೆ ನಾಮಪತ್ರ ಹಾಕಬೇಕೆಂದಿದ್ದ ಉಳಿದವರೆಲ್ಲ ತಣ್ಣಗಾದರು. ನಾಲ್ಕು ತಾಲೂಕಿನ ಧಣಿಯ ಎದುರು ನಿಂತು ಠೇವಣಿ ಕಳೆದುಕೊಳ್ಳುವ ಹುಚ್ಚು ಯಾರಿಗಿದೆ? ಒಬ್ಬ ಬೆನ್ನುನೋವೆಂದ, ಒಬ್ಬ ಹೆಂಡತಿಯ ತವರಿಗೆ ಹೋದ. ಕನಕರಾಜನೊಬ್ಬ ಮಾತ್ರ ಎದೆ ಗಟ್ಟಿ ಮಾಡಿ ನಾಮಪತ್ರ ಹಾಕಿಬಂದ. ಬರುವಾಗ ಚುನಾವಣೆಯ ತಪಾಸಣೆ ತಂಡದ ನಂಬರಿಗೆ ಹೆಸರು ಹೇಳದೆ ಒಂದು ಫೋನನ್ನೂ ಮಾಡಿದ.

ನಾಮಪತ್ರಕ್ಕೆ ಕಡೆಯ ದಿನ. ಬೆಳಿಗ್ಗೆಯೇ ಅಲ್ತಾಫ್ ಗೂಡ್ಸ್ ಆಟೋದಲ್ಲಿ ಬೋರ್ಡು ತಂದ. ಅದು ಬೋರ್ಡಲ್ಲ, ರಸ್ತೆಯ ಈ ಮಗ್ಗುಲಿನಿಂದ ಆ ಮಗ್ಗುಲಿನವರೆಗೆ ಮುಟ್ಟುವ ಬ್ಯಾನರು. ಅವನ ಬಳಿ ಇದ್ದ ಸಾಹೇಬರ ಫೋಟೋ ಒಂದೇ, ಬೀಳ್ಕೊಡುಗೆಯದು. ಶಾಲು, ಹಾರ, ಜೋಡಿಸಿದ ಎರಡು ಕೈ, ಮೂವತ್ತೆರಡೂ ಹಲ್ಲು. ಕೆಳಗೆ ಕೆಂಪಕ್ಷರದಲ್ಲಿ: 'ಎಲ್ಲರಿಗೂ ಹಾರ್ದಿಕ ಸ್ವಾಗತ. ನಿಮ್ಮ ಶಂಶುದ್ದೀನ್. ದೇವದುರ್ಗ, ಅರಕೇರಾ, ಸಿರವಾರ, ಮಾನ್ವಿ.'

"ಕುರಿ ಎಲ್ಲದಾವೋ ಇದರಾಗ?" ಎಂದರು ಸಾಹೇಬರು.

"ನಿಮ್ಮ ಫೋಟೋ ಹಾಕಿದ ಮ್ಯಾಲೆ ಜಾಗ ಉಳೀಲಿಲ್ಲ, ದುಲ್ಹೇಭಾಯಿ," ಎಂದು ಭಾವಮೈದುನ ಹೇಳಿ, ಬ್ಯಾನರು ಕಟ್ಟಿ, ಅದರ ಫೋಟೋ ತೆಗೆದು ಖಾಂದಾನದ ವಾಟ್ಸಾಪ್ ಗುಂಪಿಗೆ ಹಾಕಿ ಹೋದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಬಂತು. ಜೀಪಿನಿಂದ ಇಳಿದದ್ದು ತಪಾಸಣೆ ತಂಡದ ಅಧಿಕಾರಿ ಶೈಲಶ್ರೀ. ಅವರ ಹಿಂದೆ ಒಬ್ಬ ಪೊಲೀಸಪ್ಪ, ಒಬ್ಬ ವಿಡಿಯೋದವನು. ಜೀಪಿನ ಹಿಂದೆಯೇ ಊರೆಲ್ಲ ಬಂತು. ಕನಕರಾಜ ಎಲ್ಲರ ಹಿಂದೆ, ತನಗೂ ಇದಕ್ಕೂ ಸಂಬಂಧವಿಲ್ಲದವನಂತೆ ಆಕಾಶ ನೋಡುತ್ತ ನಿಂತ.

"ಈ ಬ್ಯಾನರ್ ಯಾರದ್ರಿ?"

"ನಂದೇ ಮೇಡಂ. ಫಾರ್ಮ್‌ಹೌಸಿಂದು."

"ಈ ಟಗರು?"

"ಅವೂ ನನ್ನವೇ."

"ಮತದಾರರಿಗೆ ಬಾಡೂಟ ಹಾಕಾಕ ಸಾಕೀರಿ ಅಂತ ದೂರು ಬಂದದ. ಏನು ಹೇಳ್ತೀರಿ?"

"ಯಾ ಅಲ್ಲಾ! ಊಟಕ್ಕಾ?" ಸಾಹೇಬರು ಓಡಿಹೋಗಿ ಮಾನ್ವಿಯ ಕೊರಳು ತಬ್ಬಿಕೊಂಡರು. "ಪ್ರೀತಿಗೆ ಸಾಕೀನ್ರಿ!"

ಊರಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಎಂಥ ಕಿಲಾಡಿ ಮನುಷ್ಯ! ಶೈಲಶ್ರೀಯವರು ನಗಲಿಲ್ಲ. "ನೀತಿ ಸಂಹಿತೆಯೊಳಗ ಪ್ರೀತಿಗಂತ ಯಾವ ಕಲಂನೂ ಇಲ್ರೀ. ನಾಕೂ ಜಪ್ತಿ ಮಾಡಬೇಕಾಗ್ತದ."

"ಜಪ್ತಿ ಮಾಡಿ ಎಲ್ಲಿ ಇಡ್ತೀರಿ?"

ಶೈಲಶ್ರೀಯವರು ಪೊಲೀಸಪ್ಪನ ಕಡೆ ನೋಡಿದರು. ಪೊಲೀಸಪ್ಪ ನಾಲ್ಕು ಹಗ್ಗವನ್ನೂ ಆಗಲೇ ಕೈಗೆ ಸುತ್ತಿಕೊಂಡು, ಸಿರವಾರದ ಬೆನ್ನನ್ನು ಒತ್ತೊತ್ತಿ ನೋಡುತ್ತಿದ್ದ. "ಅದರ ಕಾಳಜಿ ಬಿಡ್ರಿ," ಎಂದ ಅವನು. "ಚೊಲೋ ನೋಡ್ಕೋತೀವಿ."

ಆ ಒತ್ತುವ ಬೆರಳನ್ನು ಕಂಡು ಸಾಹೇಬರ ಜೀವ ಬಾಯಿಗೆ ಬಂತು. "ಮೇಡಂ, ಇವು ಸಾಕಿದವು, ಖರೇವಂದ್ರೂ ಸಾಕಿದವು! ನಾಯಿ ಬಂದಂಗ ಹೆಸರು ಹಿಡಿದು ಕರದ್ರ ಬರ್ತಾವ. ಕೊಯ್ಯೋ ಕುರಿಗೆ ಯಾರರ ಹೆಸರಿಡ್ತಾರೇನ್ರಿ?"

"ಕರೀರಿ ಮತ್ತ."

ವಿಡಿಯೋದವನು ಕ್ಯಾಮೆರಾ ಎತ್ತಿದ. ಸಾಹೇಬರು ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತು ಕರೆದರು. ಆದರೆ ಗಂಟಲಲ್ಲಿ ಅಳು ಕಟ್ಟಿತ್ತು. ಹಳೇ ರಾಗ ಬರಲೇ ಇಲ್ಲ. "ಮಾನ್ವಿ... ಬಾರಪ್ಪಾ... ಸಿರವಾರ..." ಎಂಬ ಒಂದು ಕೀರಲು ದನಿ ಹೊರಟಿತು. ಟಗರುಗಳು ತಿರುಗಿಯೂ ನೋಡಲಿಲ್ಲ. ಪೊಲೀಸಪ್ಪ ಜೇಬಿನಿಂದ ಬಿಸ್ಕತ್ತು ತೆಗೆದಿದ್ದ. ನಾಲ್ಕೂ ತಾಲೂಕು ಸರ್ಕಾರದ ಬಿಸ್ಕತ್ತಿಗೆ ಮರುಳಾಗಿ ಅವನ ಕೈ ನೆಕ್ಕುತ್ತಿದ್ದವು.

"ಏನಂದ? ಟಗರಿಗೆ ಮಾನ್ವಿ ಅಂದ್ನೇನು?" ಎಂದು ಜನರ ನಡುವಿನಿಂದ ಯಾರೋ ಕೇಳಿದರು.

"ಹೆದರಿ ಏನೇನೋ ಬಡಬಡಸಾಕತ್ತಾನ," ಎಂದರು ಇನ್ನೊಬ್ಬರು.

ಶೈಲಶ್ರೀಯವರು ಪೆನ್ನು ತೆಗೆದರು. ಪೊಲೀಸಪ್ಪ ಹಗ್ಗ ಎಳೆದ. ಸಾಹೇಬರು ನೆಲದ ಮೇಲೆ ಕುಸಿದು ಕುಳಿತುಬಿಟ್ಟರು.

ಆ ಗಳಿಗೆಗೆ ಸರಿಯಾಗಿ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಬಂದು ಹೊಲದ ಮುಂದೆಯೇ ನಿಂತಿತು. ಕಂಡಕ್ಟರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿಗೆ ಜೋತುಬಿದ್ದು, ರಸ್ತೆಯಲ್ಲಿ ನೆರೆದ ಜಾತ್ರೆಯನ್ನು ನೋಡಿ ಹುರುಪಾಗಿ ಕೂಗಿದ:

"ಸಿರವಾರ, ಮಾನ್ವಿ! ಯಾರ್ರೀ ಸಿರವಾರ, ಮಾನ್ವಿ, ಮಾನ್ವಿ, ಮಾನ್ವೀ!"

ಮಾನ್ವಿಯ ಕಿವಿ ನಿಮಿರಿದವು. ಬಿಸ್ಕತ್ತು ಅರ್ಧ ಬಾಯಲ್ಲಿ ಉಳಿಯಿತು. ದಿನಾ ಸಂಜೆ ಕೇಳುವ ರಾಗ! ಅದು ಒಮ್ಮೆ ನೆಗೆಯಿತು. ಸಿರವಾರ ಅದರ ಬೆನ್ನಿಗೆ. ಸಿರವಾರ ಹೋದಮೇಲೆ ಅರಕೇರಾ ನಿಂತೀತೆ? ಕುರಿ ಅಂದಮೇಲೆ ಒಂದರ ಹಿಂದೆ ಒಂದು. ದೇವದುರ್ಗವೂ ಹಾರಿತು. ಪೊಲೀಸಪ್ಪ ಹಗ್ಗದ ತುದಿ ಹಿಡಿದುಕೊಂಡೇ ನಾಲ್ಕು ಮಾರು ದೂರ ಹೊಟ್ಟೆಯ ಮೇಲೆ ಪ್ರಯಾಣ ಮಾಡಿ ಆಮೇಲೆ ಹಗ್ಗ ಬಿಟ್ಟ. ಬಸ್ಸಿನ ಮೆಟ್ಟಿಲು ಇಳಿಯುತ್ತಿದ್ದ ಹೆಂಗಸೊಬ್ಬರನ್ನು ಸರಿಸಿಕೊಂಡು ಮಾನ್ವಿ ಒಳಗೆ ನುಗ್ಗಿತು. ಉಳಿದ ಮೂರೂ ನುಗ್ಗಿದವು. ಕಂಡಕ್ಟರು ಸೀಟಿನ ಮೇಲೆ ಹತ್ತಿ ನಿಂತ.

"ಹುಚ್ಚು ಕುರಿ! ಕಣ್ಣು ಕಾಣಸ್ತದೋ ಇಲ್ಲೋ?" ಎಂದು ಗುಡುಗುತ್ತ ಆ ಹೆಂಗಸು ಮೆಟ್ಟಿಲ ಕಂಬಿಯನ್ನು ಹಿಡಿದು ಸಾವರಿಸಿಕೊಂಡರು. ಜೈಬುನ್ನೀಸಾ! ವಾಟ್ಸಾಪಿನಲ್ಲಿ ಬ್ಯಾನರು ನೋಡಿ, ನೆಂಟರೆಲ್ಲ 'ದುಲ್ಹೇಭಾಯಿ ಎಲೆಕ್ಷನ್ ನಿಂತಾರಂತ, ಮುಬಾರಕ್' ಎಂದು ಫೋನು ಮಾಡಿದ್ದನ್ನು ತಡೆಯಲಾರದೆ, ಗಂಡನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ಯಲು ಬಂದಿದ್ದರು.

ಸಾಹೇಬರಿಗೆ ಹೋದ ಜೀವ ಬಂತು. ಎದ್ದು ನಿಂತು, ತುಂಬು ಗಂಟಲಿನಲ್ಲಿ, "ಮಾನ್ವಿ ಬಂತು ಇಳೀರಿ! ಸಿರವಾರ ಇಳೀರಿ! ಅರಕೇರಾ, ದೇವದುರ್ಗಾ!" ಎಂದು ಕೂಗಿದರು. ಬಸ್ಸಿನ ಹಿಂದಿನ ಬಾಗಿಲಿನಿಂದ ಟಗರುಗಳು ಒಂದೊಂದಾಗಿ, ಟಿಕೀಟು ತೆಗೆದ ಪ್ರಯಾಣಿಕರ ಗಾಂಭೀರ್ಯದಿಂದ ಇಳಿದುಬಂದು ಅವರ ಜೇಬಿಗೆ ಮೂತಿ ಹಾಕಿದವು.

ಊರು ಮೊದಲು ಟಗರುಗಳನ್ನು ನೋಡಿತು. ಆಮೇಲೆ ಬ್ಯಾನರಿನ ಮೇಲಿದ್ದ ನಾಲ್ಕು ಹೆಸರುಗಳನ್ನು ನೋಡಿತು. ಆಮೇಲೆ ಕನಕರಾಜನನ್ನು ನೋಡಿತು. ಕನಕರಾಜ ಇನ್ನೂ ಆಕಾಶವನ್ನೇ ನೋಡುತ್ತಿದ್ದ. ಆದರೆ ಅವನ ಬಾಯಿ ತೆರೆದಿತ್ತು.

"ಒಂದ ಗಂಗಾಳ..." ಎಂದು ಅವನು ತನ್ನಷ್ಟಕ್ಕೆ ತಾನೇ ಹೇಳಿಕೊಂಡದ್ದು ಹತ್ತಿರವಿದ್ದವರಿಗೆ ಕೇಳಿಸಿತು.

ಶೈಲಶ್ರೀಯವರು ನಗು ಅದುಮಿಕೊಂಡು ಜೈಬುನ್ನೀಸಾರ ಕಡೆ ತಿರುಗಿದರು. "ನಿಮ್ಮ ಯಜಮಾನ್ರು ಇವನ್ನ ಕೊಯ್ದು ಓಟಿಗೆ ಊಟ ಹಾಕ್ತಾರಂತ ದೂರು ಬಂದದ. ಖರೆ ಏನ್ರಿ?"

ಗಂಡನನ್ನು ಬೈಯಬೇಕೆಂದು ರಾಯಚೂರಿನಿಂದ ಕಟ್ಟಿಕೊಂಡು ಬಂದ ಮಾತೆಲ್ಲ ಜೈಬುನ್ನೀಸಾರ ಬಾಯಲ್ಲಿ ದಿಕ್ಕು ಬದಲಿಸಿತು.

"ಇವ್ರಾ? ಕೊಯ್ತಾರಾ? ಮೇಡಂ, ಇವು ಟಗರಲ್ಲ, ನನ್ನ ಸವತ್ಯಾರು! ಲಗ್ನ ಆದಾಗಿಂದ ನನ್ನ ಹಲ್ಲು ನೂಸ್ತದೋ ಇಲ್ಲೋ ಕೇಳದ ಮನುಷ್ಯ, ಆ ಮಾನ್ವಿಗೆ ಕೊಂಬು ಮೂಡಿದ ದಿನ ಫೋನು ಮಾಡಿ ಅತ್ತಾರ! ಅವರ ಫೋನು ತಗೊಂಡು ನೋಡ್ರಿ. ಬರೀ ಕುರಿ! ಕುರಿ ನಿಂತಿದ್ದು, ಕುರಿ ಕುಂತಿದ್ದು, ಕುರಿ ಆಕಳಿಸಿದ್ದು. ನಂದು ಒಂದು ಫೋಟೋ ಸಿಕ್ರ ನನ್ನನ್ನೂ ಜಪ್ತಿ ಮಾಡ್ರಿ!"

ಶೈಲಶ್ರೀಯವರು ಫೋನು ಇಸಕೊಂಡು ಬೆರಳಾಡಿಸಿದರು. ಬಹಳ ಹೊತ್ತು ಆಡಿಸಿದರು. "ಇಲ್ಲೊಂದು ನಿಮ್ಮದು ಅದಲ್ರೀ," ಎಂದರು.

"ತೋರಸ್ರಿ. ಇದು ಅವರ ತಂಗಿ."

ಮುಂದೆ ವಿ‌ಚಾರಣೆ ಬೇಕಾಗಲಿಲ್ಲ. ಹೆಂಡತಿಯ ಹೊಟ್ಟೆಕಿಚ್ಚಿಗಿಂತ ಗಟ್ಟಿ ಸಾಕ್ಷಿ ಯಾವ ಕಾನೂನಿನಲ್ಲೂ ಇಲ್ಲವೆಂದು ಶೈಲಶ್ರೀಯವರಿಗೆ ಅನ್ನಿಸಿರಬೇಕು. ಅವರೂ ಮನೆಗೆ ಹೋಗಿ ಸಂಸಾರ ಮಾಡುವವರೇ ತಾನೆ. ಬ್ಯಾನರು ಬಿಚ್ಚಿಸಿ, ಜೀಪು ಹತ್ತುವ ಮುಂಚೆ, "ಅಂದಂಗ ಸಾಹೇಬ್ರ, ನೀವು ಈ ಊರಾಗ ಎಲೆಕ್ಷನ್ನಿಗೆ ನಿಂತೀರೇನು?" ಎಂದು ಕೇಳಿದರು.

"ನಾ ಹೆಂಗ ನಿಲ್ಲಲಿ ಮೇಡಂ? ನನ್ನ ಓಟು ರಾಯಚೂರಾಗದ."

ಈ ಪ್ರಶ್ನೆಯನ್ನು ಇಷ್ಟು ದಿನ ಊರಲ್ಲಿ ಯಾರೂ ಕೇಳಿರಲಿಲ್ಲ. ನಾಮಪತ್ರದ ಹೊತ್ತು ಆಗಲೇ ಮುಗಿದಿತ್ತು. ಹಾಕಿದವನು ಒಬ್ಬನೇ. ಹೀಗೆ ಕನಕರಾಜ ಅವಿರೋಧವಾಗಿ ಆಯ್ಕೆಯಾದ. ಅವಿರೋಧವಾಗಿ ಗೆದ್ದವನು ಯಾರಿಗೆ ಏಕೆ ಊಟ ಹಾಕಬೇಕು? ಕೆಂಚಗುಂಡದಲ್ಲಿ ಆ ಸಲ ಒಂದು ತುಂಡು ಮಾಂಸವೂ ಬೇಯಲಿಲ್ಲ. ಹಲ್ಲಿಲ್ಲದ ಅಜ್ಜ ಸಾಹೇಬರೊಡನೆ ಮಾತು ಬಿಟ್ಟ. ಈರುಳ್ಳಿಯ ಹೆಂಗಸು ಬಂದು ಉಳಿದ ಈರುಳ್ಳಿ ವಾಪಸು ಒಯ್ದಳು.

ಇಷ್ಟಕ್ಕೆ ಮುಗಿಯಿತೆಂದು ಸಾಹೇಬರು ತಿಳಿದಿದ್ದರು. ಮರುದಿನ ಜೈಬುನ್ನೀಸಾ ರಾಯಚೂರಿನ ಬಸ್ಸಿಗೆ ಹೊರಡಲು ಚೀಲ ಕಟ್ಟುತ್ತಿದ್ದರು. ಆಗ ಭೀಮವ್ವ ಬಂದಳು. ಅವಳ ಹಿಂದೆ ಒಂದು ಮುದಿ ಕೆಂಗುರಿ. ಹಲ್ಲುದುರಿ, ಬೆನ್ನು ಬಾಗಿ, ಒಂದು ಕಣ್ಣಿಗೆ ಹೂ ಬಂದದ್ದು.

"ಈಕಿ ನನ್ನ ಹಿಂಡಿನ ಮುಂದ ನಡೀತಿದ್ಲು," ಎಂದಳು ಭೀಮವ್ವ, ಯಾರ ಮುಖವನ್ನೂ ನೋಡದೆ. "ಮಗ ಸಂತಿಗೆ ಹೊಡಕೊಂಡು ಹೊಂಟಿದ್ದ. ನಾ ಇಷ್ಟ ವರ್ಷ ಎಷ್ಟು ಮಾರೀನಿ, ಎಷ್ಟು ಕೊಟ್ಟೀನಿ, ಒಂದಿನ ಕರಳು ಚುರ್ ಅಂದಿಲ್ಲ. ಈಕಿದು ಮಾತ್ರ ಆಗವಲ್ದು ಯಪ್ಪಾ. ಪ್ರೀತಿಗೆ ಅಂತ ಮನ್ಯಾಗ ಹೆಂಗ ಹೇಳಲಿ? ನಗ್ತಾರ. ನಿನಗ ಹೆಂಗೂ ನಕ್ಕಾಗ್ಯದ. ನೀನ ಇಟ್ಕೋ."

ಸಾಹೇಬರು ಹೆಂಡತಿಯ ಮುಖ ನೋಡಿದರು. ಜೈಬುನ್ನೀಸಾ ಚೀಲದಿಂದ ರೊಟ್ಟಿಯ ಬುತ್ತಿ ಬಿಚ್ಚಿ, ಒಂದು ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಲ್ಲಿಲ್ಲದ ಆ ಮುದಿ ಕುರಿಯ ಬಾಯಿಗೆ ಹಿಡಿದರು. ಬಸ್ಸು ಬಂತು, ಕೂಗಿತು, ಹೋಯಿತು.

ಭೀಮವ್ವನಿಂದ ಸುದ್ದಿ ಹೊರಬಿತ್ತೋ ಏನೋ, ಆ ವಾರವೆಲ್ಲ ಜನ ಒಬ್ಬೊಬ್ಬರಾಗಿ, ಸುತ್ತಮುತ್ತ ನೋಡಿಕೊಂಡು ಬಂದರು. ಕುಂಟ ಮೇಕೆ ಬಂತು. "ನಮ್ಮ ಮನ್ಯಾಗಿನವ್ರು ಇದಕ್ಕ ರಾಖಿ ಕಟ್ಟ್ಯಾರ, ಯಾರ ಮುಂದೂ ಹೇಳಬ್ಯಾಡ್ರಿ." ಮೂರು ಕಾಲಿನ ಹೋತ ಬಂತು. ಗಾಡಿಗೆ ಬಾರದ ಕುರುಡು ಎತ್ತು ಬಂತು. ಹಲ್ಲಿಲ್ಲದ ಅಜ್ಜನೂ ಬಂದ, ಮಾತು ಬಿಟ್ಟಿದ್ದರಿಂದ ಮಾತಾಡದೆಯೇ ಒಂದು ಬಾತುಕೋಳಿಯನ್ನು ಹೊರಸಿನ ಮೇಲೆ ಇಟ್ಟು ಹೋದ. ಊರಿನ ಪ್ರತಿ ಮನೆಯಲ್ಲಿಯೂ ಕೊಯ್ಯಲು ಕೈ ಬಾರದ, ಬಾರದೆಂದು ಹೇಳಲು ಬಾಯಿ ಬಾರದ ಒಂದೊಂದು ಜೀವ ಇತ್ತೆಂದು ಆಗ ತಿಳಿಯಿತು. ತಗಡಿನ ಶೆಡ್ಡು ತುಂಬಿ, ಸಾಹೇಬರ ಹೊರಸು ಬಯಲಿಗೆ ಬಂತು.

ಕಡೆಗೆ ಒಂದು ಮುಂಜಾನೆ ಪಂಚಾಯ್ತಿ ಸದಸ್ಯ ಕನಕರಾಜ ಬಂದ. ಹೊಸ ಖಾದಿ ಅಂಗಿ, ಹೆಗಲಿಗೆ ಟವೆಲು. ಟವೆಲಿನ ಕೆಳಗೆ ಏನೋ ಒದ್ದಾಡುತ್ತಿತ್ತು. ಸಾಹೇಬರು ಟಗರುಗಳ ಮೈ ತೊಳೆಯಲು ಹೋಗಿದ್ದರು. ಜೈಬುನ್ನೀಸಾ ಒಬ್ಬರೇ ಕಸ ಗುಡಿಸುತ್ತಿದ್ದರು.

"ಅಕ್ಕಾರ," ಎಂದ ಕನಕರಾಜ, ಟವೆಲು ಸರಿಸಿ ಕೆಂಪು ಜುಟ್ಟಿನ ದೊಡ್ಡ ಹುಂಜವೊಂದನ್ನು ಮುಂದಿಟ್ಟು. "ಗೆದ್ದೀನಂತ ಮನ್ಯಾಗ ಇದರ ಮ್ಯಾಲೆ ಕಣ್ಣು ಹಾಕ್ಯಾರ್ರಿ. ಇದು ಸಣ್ಣ ಮರಿ ಇದ್ದಾಗಿಂದ ನಾನ ಜ್ವಾಳ ಹಾಕಿ ಬೆಳಸೀನಿ. ಮೆಂಬರ್ ಆಗಿ ಹುಂಜಕ್ಕ ಅತ್ರ ಮರ್ಯಾದಿ ಉಳೀತದೇನ್ರಿ?"

"ಇದನ್ನ ಯಾಕ ಕೊಯ್ಯಾಕ ಹೊಂಟಾರ? ಚೊಲೋ ಅದಲ್ಲ."

ಕನಕರಾಜ ತಲೆ ತಗ್ಗಿಸಿದ. "ಕೂಗೋದಿಲ್ರೀ. ಹುಟ್ಟಿದಾಗಿಂದ ಒಂದಿನ ಕೂಗಿಲ್ಲ. ಕೂಗದ ಹುಂಜ ಯಾತಕ್ಕ ಬೇಕು ಅಂತಾರ."

ಜೈಬುನ್ನೀಸಾ ಕಸಬರಿಗೆ ಕೆಳಗಿಟ್ಟರು. ಹುಂಜವನ್ನು ಎತ್ತಿ ಸೆರಗಿನಿಂದ ಅದರ ಜುಟ್ಟಿನ ಧೂಳು ಒರೆಸಿದರು.

"ಇಲ್ಲೇ ಇರ್ಲಿ ಬಿಡ್ರಿ," ಎಂದರು. "ಬಾಯಿ ಮುಚ್ಕೊಂಡಿರೋ ಗಂಡಸು ಈ ಮನ್ಯಾಗ ಒಬ್ಬಾಂವ ಬೇಕಾಗಿದ್ದ."